ಮನೆಯಂಗಳದಲ್ಲಿ ಲಾರಿ ರಿಪೇರಿ: ಯಾವ ವೆಲ್ಡಿಂಗ್ ಮಿಷನ್ ತೆಗೆದುಕೊಳ್ಳಬೇಕು?



ಸಂಘಕ್ಕೆ ಬರುವ ಸಾಲದ ಅರ್ಜಿಗಳಲ್ಲಿ ಹೊಲಿಗೆ ಮಿಷನ್, ದನ, ಕೋಳಿ ಸಾಕಣೆಯ ಜೊತೆಗೆ ಈಗ ‘ಮಗನಿಗೆ ವೆಲ್ಡಿಂಗ್ ಮಿಷನ್’ ಎಂಬುದೂ ಸೇರಿಕೊಂಡಿದೆ. ಹುಡುಗ ಐಟಿಐ ಮುಗಿಸಿ, ಗ್ಯಾರೇಜಿನಲ್ಲಿ ಎರಡು ಮೂರು ವರ್ಷ ದುಡಿದು ಕೈ ಪಳಗಿಸಿಕೊಂಡಿರುತ್ತಾನೆ. ಕೆಂಪುಕಲ್ಲಿನ ಕೋರೆ, ಜಲ್ಲಿ ಕ್ರಷರ್ ಇರುವ ಊರಾದರೆ ಟಿಪ್ಪರ್‌ಗಳ ತಳ ಸವೆದು ತೂತಾಗುವುದು, ಹಿಂಬದಿ ಬಾಗಿಲಿನ ಕೀಲು ಕಿತ್ತು ಬರುವುದು ನಿತ್ಯದ ಕತೆ. ಕೆಲಸಕ್ಕೆ ಬರವಿಲ್ಲ. ಆದರೆ ಅರ್ಜಿಯಲ್ಲಿ ‘ವೆಲ್ಡಿಂಗ್ ಮಿಷನ್ – 1’ ಎಂದು ಒಂದೇ ಸಾಲು. ಯಾವ ಮಿಷನ್, ಯಾವ ಕರೆಂಟಿಗೆ, ಯಾವ ಕೆಲಸಕ್ಕೆ ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. “ನಮಗೆ ಹೆಂಗಸರಿಗೆ ಅದೆಲ್ಲ ಏನು ಗೊತ್ತಾಗ್ತದೆ ಸಿಸ್ಟರ್” ಅಂತೀರಿ. ಗೊತ್ತಾಗ್ತದೆ. ಮನೆಗೆ ಎಷ್ಟು ಲೀಟರಿನ ಕುಕ್ಕರ್ ಬೇಕು ಎಂದು ಲೆಕ್ಕ ಹಾಕುವವರಿಗೆ ಇದೂ ಗೊತ್ತಾಗ್ತದೆ. ಕಂತು ಕಟ್ಟುವವರೂ ನೀವೇ ತಾನೇ?

ಮಿಷನ್ ನೋಡುವ ಮೊದಲು ಮನೆಯ ಕರೆಂಟು ನೋಡಬೇಕು. ನಮ್ಮ ಹೆಚ್ಚಿನ ಮನೆಗಳಿಗೆ ಬರುವುದು ಸಿಂಗಲ್ ಫೇಸ್, 230 ವೋಲ್ಟ್. ಮನೆಯಲ್ಲಿರುವ ದೊಡ್ಡ ಪ್ಲಗ್ ಎಂದರೆ ಗೀಸರಿನದು, 16 ಆಂಪಿಯರ್. ಲಾರಿ ಕೆಲಸಕ್ಕೆ ಹೆಚ್ಚಾಗಿ ಬಳಸುವ 3.15 ಮಿಲಿಮೀಟರ್ ರಾಡನ್ನು 120 ಆಂಪಿಯರಿಗೆ ಇಟ್ಟು ಉರಿಸಿದರೆ, ಸಾಮಾನ್ಯ ಇನ್‌ವರ್ಟರ್ ಮಿಷನ್ ಲೈನಿನಿಂದ 20 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. 160ಕ್ಕೆ ಏರಿಸಿದರೆ 30ರ ಆಸುಪಾಸು. ಗೀಸರ್ ಪ್ಲಗ್ಗಿಗೆ ಇದು ಆಗುವ ಮಾತಲ್ಲ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬೇಕು. ತಾಮ್ರದ ವೈರು 4 ಚದರ ಮಿಲಿಮೀಟರಿಗೆ ಕಡಿಮೆ ಇರಬಾರದು, ದೂರವಿದ್ದರೆ 6. ಅದಕ್ಕೆ ತಕ್ಕ ಎಂಸಿಬಿ, ಸರಿಯಾದ ಅರ್ಥಿಂಗ್ ಕೂಡ ಬೇಕು. ಇದನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ನೋಡಿಯೇ ನಿರ್ಧರಿಸಬೇಕು.

ನಾನು ಭೇಟಿ ಕೊಟ್ಟ ಒಂದು ಮನೆಯಲ್ಲಿ ಮಿಷನ್ ಒಳ್ಳೆಯದೇ ಇತ್ತು. ಸಾಲ ಕೊಟ್ಟದ್ದು ಮಿಷನ್ನಿಗೆ ಮಾತ್ರ, ವೈರಿಂಗಿಗೆ ಹಣ ಉಳಿಯಲಿಲ್ಲ. ಎರಡನೇ ತಿಂಗಳಲ್ಲೇ ಬೋರ್ಡಿನ ವೈರು ಸುಟ್ಟಿತು. ಹುಡುಗ ಹೆದರಿ ಮತ್ತೆ ಗ್ಯಾರೇಜಿಗೆ ಕೂಲಿಗೆ ಹೋದ. ಮಿಷನ್ ಗೋಣಿ ಹೊದ್ದು ಮೂಲೆ ಸೇರಿತು. ತಾಯಿ ಬೀಡಿ ಕಟ್ಟಿದ ಹಣದಲ್ಲಿ ಒಂದೂವರೆ ವರ್ಷ ಕಂತು ಕಟ್ಟಿದರು. ಆದ್ದರಿಂದ ಮಿಷನ್ನಿಗೆ ಮಾತ್ರ ಸಾಲ ಮಂಜೂರು ಮಾಡಬೇಡಿ. ವೈರಿಂಗ್, ಗ್ರೈಂಡರ್, ಹೆಲ್ಮೆಟ್, ಚರ್ಮದ ಕೈಗವಸು, ಏಪ್ರನ್ ಎಲ್ಲ ಸೇರಿಸಿ ಲೆಕ್ಕ ತರಲು ಹೇಳಿ.

ಇನ್ನೊಂದು ಮಾತು. ಮನೆ ಬಳಕೆಯ ಮೀಟರಿನಲ್ಲಿ ದುಡಿಮೆಗಾಗಿ ವೆಲ್ಡಿಂಗ್ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮು ಅನ್ವಯವಾಗುತ್ತದೆ, ಎರಡು ಪಟ್ಟು ದರದಲ್ಲಿ ಬಿಲ್ ಹಾಕಬಹುದು. ಮೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ನಿಮ್ಮ ಸೆಕ್ಷನ್ ಆಫೀಸಿಗೆ ಹೋಗಿ ಬೇರೆ ಸಂಪರ್ಕಕ್ಕೆ, ಹೆಚ್ಚಿನ ಲೋಡಿಗೆ ಮೊದಲೇ ಅರ್ಜಿ ಕೊಡುವುದು ಒಳ್ಳೆಯದು.

ಈಗ ಮಿಷನ್ನಿನ ವಿಷಯ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಮಿಷನ್ ಗಟ್ಟಿ, ಹಾಳಾಗುವುದು ಕಡಿಮೆ. ಆದರೆ ಬಲು ಭಾರ, ಕರೆಂಟು ವಿಪರೀತ ಎಳೆಯುತ್ತದೆ, ಹಲವಕ್ಕೆ ಎರಡು ಫೇಸ್ ಬೇಕು. ಸಿಒಟು ಮಿಷನ್ನಿನಲ್ಲಿ ಕೆಲಸ ಬೇಗ ಆಗುತ್ತದೆ ನಿಜ. ಆದರೆ ಸಿಲಿಂಡರಿನ ಖರ್ಚಿದೆ, ಬಯಲಿನಲ್ಲಿ ಗಾಳಿ ಬೀಸಿದರೆ ಗ್ಯಾಸು ಚದುರಿ ವೆಲ್ಡಿಂಗ್ ಒಳಗೆ ಪೊಳ್ಳಾಗುತ್ತದೆ. ಅಂಗಳದಲ್ಲಿ ನಿಂತ ಟಿಪ್ಪರಿಗೆ ಅದು ಮೊದಲ ಮಿಷನ್ ಅಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಶುರು ಮಾಡುವವರಿಗೆ ರಾಡ್ ಹಾಕುವ ಡಿಸಿ ಇನ್‌ವರ್ಟರ್ ಮಿಷನ್ನೇ ಸರಿ.

ಮಿಷನ್ನಿನ ಮುಖದ ಮೇಲೆ ‘200’ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನಂಬಿ ಹಣ ಕೊಡಬಾರದು. ಹಿಂದೆ ಅಥವಾ ಬದಿಯಲ್ಲಿರುವ ಪಟ್ಟಿಯನ್ನು ಓದಬೇಕು. ಅದರಲ್ಲಿ ‘ಎಕ್ಸ್’ ಎಂಬ ಅಕ್ಷರದ ಸಾಲಿನಲ್ಲಿ ಶೇಕಡಾ ಲೆಕ್ಕ ಇರುತ್ತದೆ. ಇದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ. 200 ಆಂಪಿಯರಿಗೆ ಶೇ. 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ ಎಂದರ್ಥ. ಅದೇ ಮಿಷನ್ 155 ಆಂಪಿಯರಿನಲ್ಲಿ ನಿಲ್ಲದೆ ಓಡುತ್ತದೆ. ಶೇ. 20 ಎಂದಿದ್ದರೆ ಎರಡು ನಿಮಿಷಕ್ಕೇ ಸುಸ್ತು. ಅದು ಗೇಟು, ಕಿಟಕಿ ಮಾಡುವವರಿಗೆ ಸಾಕು, ಟಿಪ್ಪರಿಗಲ್ಲ. ಈ ಲೆಕ್ಕವನ್ನು 40 ಡಿಗ್ರಿ ಬಿಸಿಲಿಗೆ ಕೊಟ್ಟಿದ್ದಾರೋ ಅದಕ್ಕಿಂತ ಕಡಿಮೆಗೋ ಎಂದೂ ನೋಡಿ. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನಡಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಸಂಜೆ ಹೊತ್ತು ನಿಮ್ಮೂರಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದಾದರೆ, ಅಷ್ಟರಲ್ಲೂ ನಡೆಯುವ ಮಿಷನ್ ಬೇಕೆಂದು ಕೇಳಬೇಕು.

“ದಪ್ಪ ಕಬ್ಬಿಣಕ್ಕೆ 400 ಆಂಪಿಯರ್ ಬೇಕೇ ಬೇಕು” ಎಂದು ಅಂಗಡಿಯವರು ಹೇಳಬಹುದು. ಅರ್ಧ ನಿಜ. ಟಿಪ್ಪರಿನ ತಳ ಸಾಮಾನ್ಯವಾಗಿ 5ರಿಂದ 8 ಮಿಲಿಮೀಟರ್. 12 ಮಿಲಿಮೀಟರ್ ತುಂಡು ಬಂದರೂ ಅಂಚನ್ನು ಗ್ರೈಂಡರಿನಲ್ಲಿ ಓರೆ ಮಾಡಿ, ಒಂದರ ಮೇಲೊಂದು ಪದರ ಹಾಕಿ ತುಂಬಿಸಬಹುದು. ಪ್ರತಿ ಪದರದ ಕಿಟ್ಟವನ್ನು ಕೆತ್ತಿ ತೆಗೆಯಬೇಕು. ಹೊತ್ತು ಹಿಡಿಯುತ್ತದೆ, ಆದರೆ ಬಲಕ್ಕೆ ಕೊರತೆಯಿಲ್ಲ. ಇಂಥ ಕೆಲಸಕ್ಕೆ ಮಾಮೂಲಿ 6013 ರಾಡಿಗಿಂತ 7018 ರಾಡು ಮೇಲು. ಕೊಳ್ಳುವ ಮೊದಲು ಅಂಗಡಿಯಲ್ಲೇ 3.15ರ 7018 ರಾಡೊಂದನ್ನು ದಪ್ಪ ಪ್ಲೇಟಿನ ಮೇಲೆ ಪೂರ್ತಿ ಉರಿಸಿ ತೋರಿಸಲು ಹೇಳಿ. ತಡೆತಡೆದು ಉರಿದರೆ ಆ ಮಿಷನ್ ಬೇಡ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ರಾಡು ಬೇಗ ತೇವ ಹಿಡಿಯುತ್ತದೆ. ತೇವದ ರಾಡಿನಿಂದ ಹಾಕಿದ ವೆಲ್ಡಿಂಗ್ ಹೊರಗೆ ಚೆಂದ, ಒಳಗೆ ಬಿರುಕು. ಬಿಸಿಲಿಗೆ ಹಾಕಿದರೆ ಸಾಲದು, ಓವನ್ನಿನಲ್ಲಿ 300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಬೇಕು. ಚಿಕ್ಕ ಪ್ಯಾಕೆಟ್ ತಂದು ಬೇಗ ಮುಗಿಸುವುದೇ ಮನೆಗೆ ಅನುಕೂಲ.

ಹೊಸ ಮಿಷನ್ ಬಂದ ಉತ್ಸಾಹದಲ್ಲಿ ಹುಡುಗರು ಯಾವ ಕೆಲಸವನ್ನೂ ಬಿಡುವುದಿಲ್ಲ. ಕೆಲವನ್ನು ಬಿಡಲೇಬೇಕು. ಡೀಸೆಲ್ ಟ್ಯಾಂಕ್ ಖಾಲಿ ಇದ್ದರೂ ಒಳಗಿನ ಆವಿ ಸಿಡಿಯುತ್ತದೆ. ಟಯರ್ ಇರುವ ರಿಮ್ಮಿಗೆ ಶಾಖ ಕೊಟ್ಟರೆ ಟಯರ್ ಸ್ಫೋಟಿಸಿ ಎದುರಿದ್ದವರ ಜೀವ ಹೋಗಬಹುದು. ಸ್ಪ್ರಿಂಗ್ ಪ್ಲೇಟು, ಆಕ್ಸಲ್, ಸ್ಟಿಯರಿಂಗ್ ಭಾಗ ಬೇಡವೇ ಬೇಡ. ಚಾಸಿಸ್ ಬಿರುಕು ಬಿಟ್ಟಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಬೇಕು. ಅದರ ಉಕ್ಕು ಬೇರೆ ಜಾತಿಯದು, ಕಂಡಲ್ಲಿ ಶಾಖ ಕೊಟ್ಟರೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಲೋಡ್ ಹೊತ್ತ ಲಾರಿ ಘಾಟಿಯಲ್ಲಿ ಇಳಿಯುವಾಗ ಹಾಗಾದರೆ? 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಬಹಳ. ಬ್ಯಾಟರಿ ಸಂಪರ್ಕ ಬಿಚ್ಚದೆ, ಕಂಪನಿ ಹೇಳಿದ ಕನೆಕ್ಟರ್‌ಗಳನ್ನು ತೆಗೆಯದೆ ರಾಡು ಮುಟ್ಟಿಸಿದರೆ ಆ ನಷ್ಟ ಮಿಷನ್ನಿನ ಬೆಲೆಯನ್ನೂ ಮೀರಬಹುದು. ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಹತ್ತಿರವೇ ಹಾಕಬೇಕು.

ಅಂಗಳ ಎಂದರೆ ಅಲ್ಲಿ ಮಕ್ಕಳೂ ಇರುತ್ತಾರೆ. ತುಂಡು ಹಿಡಿದುಕೊಳ್ಳಲು ಹೆಂಡತಿಯನ್ನು ಕರೆಯುತ್ತಾರೆ, ಅವಳ ಕಣ್ಣಿಗೆ ಗಾಜಿಲ್ಲ. ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ. ಎದೆಹಾಲು, ಈರುಳ್ಳಿ ರಸ ಎಂದು ಮನೆಮದ್ದು ಮಾಡದೆ ವೈದ್ಯರಿಗೆ ತೋರಿಸಿ. ಕೆಲಸದ ಜಾಗಕ್ಕೆ ಅಡ್ಡ ಪರದೆ ಕಟ್ಟಿ, ಗಾಳಿ ಆಡುವ ಕಡೆ ಕೆಲಸ ಮಾಡಿಸಿ. ವೆಲ್ಡಿಂಗ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ನಿರ್ಣಯಿಸಿದೆ. ಮಳೆಯಲ್ಲಿ, ಒದ್ದೆ ನೆಲದ ಮೇಲೆ ಕೆಲಸ ಬೇಡ.

ಸಂಘದ ಹಣ ಸಾಲದಿದ್ದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ‘ಶಿಶು’ ಸಾಲ ಕೇಳಬಹುದು. ಅದರಲ್ಲಿ 50,000 ರೂಪಾಯಿವರೆಗೆ ಅಡಮಾನ ಬೇಡ.

ಮುಂದಿನ ಸಭೆಯಲ್ಲಿ ಚರ್ಚಿಸಲು:

ನಮ್ಮ ಊರಿನಲ್ಲಿ ವೆಲ್ಡಿಂಗ್ ಮಾಡುವ ಮನೆಗಳು ಎಷ್ಟು? ಅವರ ಮೀಟರ್ ಮನೆಯದೋ ಕೆಲಸದ್ದೋ?

ಈಗ ಸಂಘದ ಮುಂದಿರುವ ಅರ್ಜಿಯಲ್ಲಿ ವೈರಿಂಗ್ ಮತ್ತು ಹೆಲ್ಮೆಟ್ಟಿನ ಖರ್ಚು ಸೇರಿದೆಯೇ? ಇಲ್ಲದಿದ್ದರೆ ಎಷ್ಟು ಸೇರಿಸಬೇಕು?

ಟ್ಯಾಂಕ್ ವೆಲ್ಡಿಂಗಿಗೆ ಗಿರಾಕಿ ಹೆಚ್ಚು ಹಣ ಕೊಡುತ್ತೇನೆ ಎಂದರೆ, ಮಗ ಏನು ಹೇಳಬೇಕು?