ಉಭಯ ಕುಶಲೋಪರಿ: ಮೆಡೋಸ್ ಟೇಲರನ ಮನೆಬರಹ ಮತ್ತು ಸುರಪುರ

ಸುರಪುರ ಸಂಸ್ಥಾನದ ಕೊನೆಯ ದಿನಗಳನ್ನು ಕುರಿತು ಬರೆಯುವವರು ಫಿಲಿಪ್ ಮೆಡೋಸ್ ಟೇಲರನ (1808–1876) ಆತ್ಮಕಥೆಯನ್ನು ಅವಲಂಬಿಸುವುದು ರೂಢಿ. ಆದರೆ ಅದು ಅಚ್ಚಿಗೆ ಸಿದ್ಧವಾದದ್ದು ಸಾವು ಸಂಭವಿಸಿದ ಮನೆಯೊಂದರಲ್ಲಿ ಎಂಬ ಸಂಗತಿಗೆ ತಕ್ಕಷ್ಟು ಗಮನ ದೊರೆತಿಲ್ಲ. ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಅದನ್ನು ಸಂಪಾದಿಸಿದಳು. ಬಂಧುವಾದ ಹೆನ್ರಿ ರೀವ್ ಮುನ್ನುಡಿ ಬರೆದನು. ಆದ್ದರಿಂದ ಅದು ಆಡಳಿತದ ದಾಖಲೆ ಮಾತ್ರವಲ್ಲ, ಮನೆತನದ ಸ್ಮರಣೆಯೂ ಹೌದು.

ಈ ಮನೆತನದ ಬೇರು ಹೈದರಾಬಾದಿನಲ್ಲಿಯೂ ಇತ್ತು. ಟೇಲರನ ಪತ್ನಿ ಮೇರಿ ಇಲ್ಲಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಂದೆ ಆಂಗ್ಲ ಸೇನಾಧಿಕಾರಿ, ತಾಯಿ ಫೈಜ್ ಬಕ್ಷ್ ಬೇಗಂ. 1840ರ ದಶಕದಲ್ಲಿ ಮೇರಿ ಮರಣಹೊಂದಿದಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬಂಧುಗಳ ಆಸರೆಯಲ್ಲಿ ಬೆಳೆದರು. ತಂದೆ ಸುರಪುರದಲ್ಲಿ ಉಳಿದನು. ಹೀಗೆ ಚದುರಿದ ಕುಟುಂಬವನ್ನು ಕೂಡಿಸಿದ್ದು ಕಾಗದ. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ ಲೇಖನಿಯೇ ಮನೆಗೂ ಬರೆಯುತ್ತಿತ್ತು. ಪತ್ರಗಳನ್ನು ಪಡೆಯುತ್ತಿದ್ದ ರೀವ್ ಕೂಡ 1842ರಲ್ಲಿ ಪತ್ನಿಯನ್ನು ಕಳೆದುಕೊಂಡವನು. ಅವನಿಗೆ ಟೇಲರ್ ಬರೆದ ಪತ್ರಗಳು 1947ರಲ್ಲಿ ಗ್ರಂಥರೂಪ ತಾಳಿದವು.

ನಮ್ಮ ಹಿರಿಯರು ಪತ್ರದ ಮೊದಲಿಗೆ 'ಉಭಯ ಕುಶಲೋಪರಿ' ಎಂದು ಬರೆಯುತ್ತಿದ್ದರು. ವಾರಗಟ್ಟಲೆ ಪಯಣಿಸಿ ಬರುವ ಪತ್ರದಲ್ಲಿ ಕುಶಲವೆಂಬುದು ವರದಿಗಿಂತ ಹೆಚ್ಚಾಗಿ ಹಾರೈಕೆ. ಬರೆದವನು ಕ್ಷೇಮವೆಂದದ್ದನ್ನು ಓದುವ ಹೊತ್ತಿಗೆ ಆ ಕ್ಷೇಮ ಉಳಿದಿರಬೇಕೆಂಬ ನಿಯಮವಿರಲಿಲ್ಲ.

ಅದೇ ಕಾಲಕ್ಕೆ ಸುರಪುರದಲ್ಲಿ ಸಾವನ್ನು ಕಂಡ ಇನ್ನೊಂದು ಮನೆಯಿತ್ತು. ತಂದೆಯನ್ನು ಕಳೆದುಕೊಂಡ ಬಾಲಕ ರಾಜ ವೆಂಕಟಪ್ಪ ನಾಯಕ. ತಾಯಿ ರಾಣಿ ಈಶ್ವರಮ್ಮ. ರಾಜನು ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರ್ ಬರೆದುಕೊಂಡಿದ್ದಾನೆ. ಮಕ್ಕಳಿಂದ ದೂರವಿದ್ದ ತಂದೆಗೂ ತಂದೆಯಿಲ್ಲದ ಮಗುವಿಗೂ ನಡುವೆ ಈ ಸಂಬೋಧನೆ ನಿಜವಾದ ಮಮತೆಯಾಗಿರಬಹುದು. ಆದರೆ ಆ 'ಅಪ್ಪ' ಸಂಸ್ಥಾನದ ಮೇಲ್ವಿಚಾರಕ್ಕೆ ನಿಯುಕ್ತನಾದ ಅಧಿಕಾರಿಯೂ ಆಗಿದ್ದನೆಂಬುದನ್ನು ಮರೆಯಲಾಗದು. 1858ರ ದಂಗೆಯ ಬಳಿಕ ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕನು. ಸೆರೆವಾಸಕ್ಕೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ಮಡಿದನು. ಆ ಸಾವನ್ನೂ ನಾವು ಬಹುಮಟ್ಟಿಗೆ ಟೇಲರನ ಮಾತಿನಲ್ಲಿಯೇ ಓದುತ್ತೇವೆ.

ಇದಕ್ಕೆ ಕಾರಣವೊಂದನ್ನು ಇಲ್ಲಿ ಸೂಚಿಸಬಹುದು. ಸಾವಿನ ಸುದ್ದಿ ತಂದ ಕಾಗದವನ್ನು ಓದಿದೊಡನೆ ಹರಿದುಹಾಕುವುದು ನಮ್ಮಲ್ಲಿನ ಸಂಪ್ರದಾಯ. ವಿಕ್ಟೋರಿಯಾ ಕಾಲದ ಆಂಗ್ಲರು ಅದಕ್ಕೆ ಕಪ್ಪು ಅಂಚು ಕಟ್ಟಿ ಜೋಪಾನವಾಗಿ ಇಡುತ್ತಿದ್ದರು. ಒಂದು ಮನೆಯ ದುಃಖ ಗ್ರಂಥವಾಯಿತು. ಇನ್ನೊಂದು ಮನೆಯ ದುಃಖ ಕಾಗದಕ್ಕೆ ಇಳಿಯದೆ ಹೋಯಿತು. ಈಶ್ವರಮ್ಮನ ದುಃಖವನ್ನು ಅವಳ ಮಾತಿನಲ್ಲಿ ಕೇಳುವ ಅವಕಾಶ ನಮಗಿಲ್ಲ. ಮೇರಿಯನ್ನು ಕೂಡ ಗಂಡನ ಬರಹದ ಮೂಲಕವೇ ಕಾಣಬೇಕಾಗಿದೆ.

1956ರಲ್ಲಿ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಸುರಪುರದ ಚರಿತ್ರೆಯ ಎಳೆಗಳು ಈ ನಗರದಲ್ಲಿಯೂ ಉಳಿದಿವೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಆ ಊರಿನ ಹಾಡು, ಕಡತ, ಮನೆಮಾತುಗಳಲ್ಲಿ ಅಡಗಿರುವ ನೆನಪು. ಅದನ್ನು ಸಂಗ್ರಹಿಸಿ ಟೇಲರನ ಬರಹದ ಪಕ್ಕದಲ್ಲಿ ಇಡುವುದು ಕನ್ನಡ ಅಧ್ಯಯನದ ಹೊಣೆ. ಕುಶಲವು ಉಭಯವಾಗಬೇಕಾದರೆ ಪತ್ರಗಳು ಎರಡೂ ಕಡೆಯಿಂದ ಬರಬೇಕು.