ಮೊದಲು ಅಲೆಯಿರಿ, ಕತೆ ಕಾಯುತ್ತದೆ

ನೆಲಮಂಗಲ, ದೊಡ್ಡಬಳ್ಳಾಪುರದ ಗೇಮ್‌ಪ್ರಿಯ ಗೆಳೆಯರೇ, 2023ರ ಜನವರಿಯಲ್ಲಿ ಬಂದ ‘ಫೋರ್‌ಸ್ಪೋಕನ್’ ಆಟವನ್ನು ಅದರ ಸಂಭಾಷಣೆಯ ಬಗೆಗಿನ ದೂರು ಕೇಳಿಯೇ ಕೈಬಿಡಬೇಡಿ. ನಾಯಕಿ ಫ್ರೇ ಮತ್ತು ಅವಳ ತೋಳಿನ ಮಾತಾಡುವ ಬಳೆ ಕಫ್ ನಡುವಿನ ಜಟಾಪಟಿ ಕೆಲವರಿಗೆ ಇಷ್ಟ, ಹಲವರಿಗೆ ಕಿರಿಕಿರಿ. ನನಗೂ ಅತಿಯೆನಿಸಿತು. ಸೆಟ್ಟಿಂಗ್ಸ್‌ನಲ್ಲಿ ಕಫ್‌ನ ಹರಟೆ ತಗ್ಗಿಸಬಹುದು, ತಗ್ಗಿಸಿಬಿಡಿ. ಆಮೇಲೆ ಆಟ ನಡೆಯುವ ಆಥಿಯಾ ನಾಡನ್ನು ಮನಸಾರೆ ಸುತ್ತಿ. ಶಿವಗಂಗೆ ಬೆಟ್ಟ ಹತ್ತುವವರು ದಾರಿಯ ಒಳಕಲ್ಲು ತೀರ್ಥ ಬಿಟ್ಟು ನೇರ ತುದಿಗೆ ಓಡುತ್ತಾರೆಯೇ? ಇಲ್ಲೂ ಕತೆಯ ಬೆನ್ನು ಹತ್ತಬೇಡಿ. ಗಂಟೆಗೋಪುರ ತಲುಪಿದರೆ ಸುತ್ತಲ ತಾಣಗಳು ನಕಾಶೆಯಲ್ಲಿ ಮೂಡುತ್ತವೆ. ದಾರಿಯಲ್ಲಿ ಹೊಳೆಯುವ ಮನಾ ಹೆಕ್ಕಿಕೊಳ್ಳಿ, ಹೊಸ ಮಂತ್ರ ಕಲಿಯಲು ಅದೇ ಬಂಡವಾಳ. ತಂಗುಮನೆ ಸಿಕ್ಕಾಗ ಮೇಲಂಗಿ, ಕಂಠಹಾರಗಳನ್ನು ಬಲಪಡಿಸಿ. ಉಗುರಿನ ಚಿತ್ತಾರವನ್ನೂ ಮರೆಯಬೇಡಿ, ಇಲ್ಲಿ ಅದಕ್ಕೂ ಶಕ್ತಿಯಿದೆ.