ಹೆಪ್ಪು ಕೊಡುವಾಗ ಹಾಕುವ ಷರತ್ತು: ಸಾಫ್ಟ್‌ವೇರ್ ಲೈಸನ್ಸಿನ ಎರಡು ದಾರಿ

ಹುಲಗೂರಿನಂಥ ಊರಲ್ಲಿ ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸೋದಿಲ್ಲ. ಒಂದು ಚಮಚ ಕೊಟ್ಟರೆ ನಮ್ಮ ಗಡಿಗೆ ಖಾಲಿಯಾಗೋದಿಲ್ಲ, ಅವರ ಗಡಿಗೆ ತುಂಬುತ್ತದೆ. ಸೋರ್ಸ್ ಕೋಡ್ ಕೂಡ ಹಂಗ. ಆದರೆ ಕೋಡಿನ ವಿಷಯದಲ್ಲಿ ಕಾನೂನು ನಡುವೆ ಬರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಆದ್ದರಿಂದ ಲೈಸನ್ಸ್ ಬರೆಯದೆ ಇಂಟರ್‌ನೆಟ್ಟಿಗೆ ಹಾಕಿದ ಪ್ರಾಜೆಕ್ಟನ್ನು ಉಳಿದವರು ಓದಬಹುದು, ತಿದ್ದಿ ಹಂಚುವ ಹಕ್ಕು ಅವರಿಗೆ ತಾನಾಗಿ ಸಿಗೋದಿಲ್ಲ.

ಹಕ್ಕು ಕೊಡುವ ಲೈಸನ್ಸುಗಳಲ್ಲಿ ಎರಡು ದೊಡ್ಡ ಬಳಗಗಳಿವೆ.

ಮೊದಲನೆಯದು ಪರ್ಮಿಸಿವ್: ಎಂಐಟಿ, ಬಿಎಸ್‌ಡಿ, ಅಪಾಚೆ. "ತಗೊಳ್ರಿ, ತಿದ್ದ್ರಿ, ಬೇಕಾದ್ರ ಮಾರ್ರಿ, ನಮ್ಮ ಹೆಸರು, ಲೈಸನ್ಸಿನ ಸಾಲು ಮಾತ್ರ ತೆಗೀಬ್ಯಾಡ್ರಿ" ಅನ್ನೋದು ಇದರ ಸಾರ. ತಿದ್ದಿದ ಕೋಡನ್ನು ಮುಚ್ಚಿಡಲೂ ಅಡ್ಡಿಯಿಲ್ಲ. ಆಪಲ್‌ನ ಮ್ಯಾಕ್ ಒಳಗೆ ಬಿಎಸ್‌ಡಿ ಕೋಡ್ ಇದೆ, ಆದರೆ ಇಡೀ ಮ್ಯಾಕ್ ತೆರೆದ ಪುಸ್ತಕವಲ್ಲ.

ಎರಡನೆಯದು ಕಾಪಿಲೆಫ್ಟ್. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ತಂದ ಜಿಪಿಎಲ್ ಇದರ ಹಿರಿಯಣ್ಣ. ಇದರಲ್ಲೂ ಮಾರಬಹುದು. ತಿದ್ದಿ ನಿಮ್ಮಷ್ಟಕ್ಕೆ ಬಳಸಿದರೆ ಯಾರೂ ಕೇಳೋದಿಲ್ಲ. ಬೇರೆಯವರಿಗೆ ಕೊಟ್ಟಿರೋ, ಆಗ ಸೋರ್ಸ್ ಕೋಡನ್ನೂ ಅದೇ ಹಕ್ಕುಗಳನ್ನೂ ಕೊಡಬೇಕು. ಮೊಸರು ಕೊಟ್ಟರೆ ಹೆಪ್ಪು ಹಾಕುವ ಹಕ್ಕನ್ನೂ ಕೊಡಬೇಕು ಅಂದ ಹಾಗೆ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಒಂದು ರೌಟರಿನಲ್ಲಿ ಲಿನಕ್ಸ್ ಇರೋದು ಬೆಳಕಿಗೆ ಬಂತು. ಜಿಪಿಎಲ್ ಷರತ್ತಿನಿಂದ ಕೋಡ್ ಹೊರಬಂತು, ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಬೆಳೆಯಿತು.

ಕನ್ನಡದ ಅಕ್ಷರಕ್ಕೂ ಈ ಪ್ರಶ್ನೆ ಬಂದಿದೆ. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಭಾರತೀಯ ಭಾಷೆಗಳ ಲೋಹಿತ್ ಫಾಂಟುಗಳನ್ನು ಜಿಪಿಎಲ್ ಅಡಿ ಬಿಟ್ಟಿತು. ಲೋಹಿತ್ ಕನ್ನಡವೂ ಇದೇ ಬಳಗದ ಫಾಂಟು. ಆದರೆ ಫಾಂಟಿಗೆ ಜಿಪಿಎಲ್ ಸರಿಹೊಂದೋದು ಕಷ್ಟ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡರೆ ಆ ಬರಹಕ್ಕೂ ಜಿಪಿಎಲ್ ಅಂಟುತ್ತದೆಯೇ ಎಂಬ ಅನುಮಾನ ಏಳುತ್ತದೆ. 2011ರಲ್ಲಿ ಲೋಹಿತ್ ಓಪನ್ ಫಾಂಟ್ ಲೈಸನ್ಸಿಗೆ ಬದಲಾಯಿತು. ಇದರಲ್ಲಿ ತಿದ್ದಿದ ಫಾಂಟ್ ಹಂಚಿದರೆ ಅದೇ ಲೈಸನ್ಸಿನಲ್ಲೇ ಹಂಚಬೇಕು. ಆ ಫಾಂಟಿನಲ್ಲಿ ಬರೆದ ಕಥೆ, ಲಗ್ನಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟ್ ನಿಮ್ಮವೇ. ಗೂಗಲ್‌ನ ನೋಟೋ ಕೂಡ 2015ರಲ್ಲಿ ಅಪಾಚೆ ಬಿಟ್ಟು ಇದೇ ದಾರಿಗೆ ಬಂತು.

ಹಾಗಾದರೆ ಯಾವುದರಲ್ಲಿ ಸ್ವಾತಂತ್ರ್ಯ ಹೆಚ್ಚು? ಯಾರ ಸ್ವಾತಂತ್ರ್ಯ ಅಂತ ಮೊದಲು ಕೇಳಬೇಕು. ಪರ್ಮಿಸಿವ್ ಲೈಸನ್ಸಿನಲ್ಲಿ ಕೋಡ್ ತಗೊಂಡ ಮುಂದಿನ ಡೆವಲಪರ್‌ಗೆ ಕೈ ಬಿಚ್ಚು. ಕಾಪಿಲೆಫ್ಟ್ ಅವನ ಕೈಯನ್ನು ತುಸು ಕಟ್ಟಿ, ಕಟ್ಟಕಡೆಯ ಬಳಕೆದಾರನ ಹಕ್ಕು ಕಾಯುತ್ತದೆ.

ಆದಷ್ಟು ಕಂಪನಿಗಳು ಒಂದು ಮಾನಕವನ್ನು ಬಳಸಲಿ ಅಂತಿದ್ದರೆ ಪರ್ಮಿಸಿವ್ ಸಾಕು. ಆದರೆ ಪದಪರೀಕ್ಷಕ, ಕೀಬೋರ್ಡ್, ಓಸಿಆರ್ ಇಂಥವನ್ನು ಮಾಡಲು ಕನ್ನಡಕ್ಕೆ ಇರುವ ಕೈಗಳೇ ಕಡಿಮೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿ ಬೀಗ ಹಾಕಿದರೆ ಮೂರನೆಯವರು ಮತ್ತೆ ಮೊದಲಿಂದ ಶುರು ಮಾಡಬೇಕು. ಅಂಥಲ್ಲಿ ಕಾಪಿಲೆಫ್ಟ್ ಒಳ್ಳೇದು ಅಂತ ನಮ್ಮ ಅಭಿಪ್ರಾಯ. ಯಾವುದನ್ನಾದರೂ ಆರಿಸಿಕೊಳ್ರಿ, ಆದರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಲೈಸನ್ಸ್ ಫೈಲ್ ಇಡೋದನ್ನು ಬಿಡಬ್ಯಾಡ್ರಿ.